ಗುಡ್ಡದ ಮೇಲೆ ಉಳಿದ ಕಲ್ಲು

ನನ್ನ ತಂಗಿಯ ಹೊಟ್ಟೆಯಲ್ಲಿ ಗಡ್ಡೆ ಇದೆ ಎಂದು ಹುಬ್ಬಳ್ಳಿಯ ಡಾಕ್ಟರು ಹೇಳಿದರು. ಕೊಯ್ದು ತೆಗೆಯಬೇಕು, ತಡ ಮಾಡಬಾರದು, ಬರುವ ಸೋಮವಾರ ಬಂದು ಸೇರಿಕೊಳ್ಳಿ ಎಂದರು. ಅಲ್ಲಿ ತಲೆ ಆಡಿಸಿ ಬಂದವಳು ಮನೆಗೆ ಬಂದ ಮೇಲೆ ನನ್ನ ಅಡುಗೆಮನೆಯಲ್ಲಿ ಕುಂತು, "ನಾ ಒಲ್ಲೆ" ಎಂದಳು.

"ಯಾಕ?" ಎಂದೆ.

"ಗುಡ್ಡದ ಮ್ಯಾಲ ನನ್ನ ಕಲ್ಲು ಉಳದಾವ. ಅವನ್ನ ತಗದು ಬಂದ ಮ್ಯಾಲ ಹೊಟ್ಟಿ ಬೇಕಾದ್ರೂ ಕೊಯ್ಲಿ, ಕುತ್ತಿಗಿ ಬೇಕಾದ್ರೂ ಕೊಯ್ಲಿ."

ಅವಳ ಮಗ ಕೈ ಮುಗಿದ. ಸೊಸೆ ಅತ್ತಳು. ನಾನು ಬೈದೆ. ಅವಳು ಜಗ್ಗಲಿಲ್ಲ. ನಮ್ಮ ಮನೆತನದಲ್ಲಿ ಹಟ ಎಲ್ಲರಿಗೂ ಇದೆ, ಆದರೆ ದೇವರು ಅವಳಿಗೆ ಎರಡು ಪಾಲು ಕೊಟ್ಟಿದ್ದಾನೆ.

ಕಲ್ಲಿನ ವಿಷಯ ಹೇಳುತ್ತೇನೆ. ನಮ್ಮ ತವರು ತಿಳವಳ್ಳಿಯ ಕಡೆ, ಭತ್ತದ ನಾಡು. ಕೊಟ್ಟ ಊರು ಅಬಲೂರಿನ ಕಡೆ, ಜೋಳದ ನಾಡು. ಅಕ್ಕತಂಗಿ ಇಬ್ಬರನ್ನೂ ಒಂದೇ ಮನೆಯ ಅಣ್ಣತಮ್ಮಂದಿರಿಗೆ ಕೊಟ್ಟರು. ಎರಡು ಊರಿನ ನಡುವೆ ಮೂರು ಗುಡ್ಡ. ತವರಿನ ಬೆನ್ನಿಗೆ ಇರುವುದು ಎಮ್ಮೆಗುಡ್ಡ, ನಡುವೆ ಬೋಳಗುಡ್ಡ, ನಮ್ಮ ಊರಿನ ತಲೆಯ ಮೇಲೆ ಹುಲ್ಲುಗುಡ್ಡ. ದೊಡ್ಡ ಗುಡ್ಡಗಳೇನಲ್ಲ, ಆದರೆ ಏರಿದವರಿಗೇ ಗೊತ್ತು. ಈಗ ಹೆಂಗಸರಿಗೆ ಬಸ್ಸು ಪುಕ್ಕಟೆ. ಹಿರೇಕೆರೂರಿನಲ್ಲಿ ಒಂದು ಬಸ್ಸು ಇಳಿದು ಇನ್ನೊಂದು ಹತ್ತಿದರೆ ಕುಂತಲ್ಲೇ ತವರು ಮುಟ್ಟಬಹುದು. ಆಗ ಬಸ್ಸು ಇರಲಿಲ್ಲ. ಬೆಳಿಗ್ಗೆ ಬಿಟ್ಟರೆ ಹೊತ್ತು ಮುಳುಗುವುದರೊಳಗೆ ಮೂರೂ ಗುಡ್ಡ ದಾಟಿ ತವರು ಸೇರುತ್ತಿದ್ದೆವು.

ಒಂದೊಂದು ಗುಡ್ಡದ ನೆತ್ತಿಯ ಮೇಲೆ ಒಂದೊಂದು ಕಲ್ಲಿನ ಗುಂಪೆ ಇತ್ತು. ತವರಿಗೆ ಹೋಗುವ ಹೆಣ್ಣುಮಗಳು ಪ್ರತಿ ಗುಂಪೆಯ ಮೇಲೆ ಒಂದು ಕಲ್ಲು ಇಟ್ಟು ಹೋಗಬೇಕು. ತಿರುಗಿ ಬರುವಾಗ ತನ್ನ ಕೈಯಿಂದಲೇ ಒಂದು ಕಲ್ಲು ಎತ್ತಿ ಗಂಡನ ಊರಿನ ಕಡೆಗೆ ಎಸೆಯಬೇಕು. ಕಲ್ಲು ಉಳಿದರೆ ಆಕೆ ಇನ್ನೂ ದಾರಿಯಲ್ಲೇ ಇದ್ದಾಳೆ ಎಂದು ಲೆಕ್ಕ. ಸಂಜೆ ಕುರಿ ಹೊಡೆದುಕೊಂಡು ಬರುವವರನ್ನು ನಮ್ಮ ಅತ್ತೆ ಕೇಳುತ್ತಿದ್ದಳು, "ಹುಲ್ಲುಗುಡ್ಡದ ಮ್ಯಾಲ ಬಿಳಿಕಲ್ಲು ಐತೇನು, ಹೋತೇನು?" ಬಿಳಿಕಲ್ಲು ನನ್ನ ತಂಗಿಯದು. ಎಲ್ಲರೂ ಕಾಲಿಗೆ ಸಿಕ್ಕಿದ್ದನ್ನು ಇಟ್ಟರೆ ಇವಳು ಹಳ್ಳದಲ್ಲಿ ಹುಡುಕಿ ಬೆಣಚುಕಲ್ಲನ್ನೇ ತಂದು ಇಡುತ್ತಿದ್ದಳು. ಕಲ್ಲಿನಲ್ಲೂ ಅವಳಿಗೆ ಚಂದ ಬೇಕು.

ಕಡೆಯ ಸಲ ನಾವು ಗುಡ್ಡ ದಾಟಿ ಹೋದದ್ದು ಅವ್ವನಿಗೆ ಜೀವ ಹೋಗುವ ಹಾಗಾಗಿದೆ ಎಂದು ಸುದ್ದಿ ಬಂದಾಗ. ಅವಸರದಲ್ಲೂ ಇವಳು ಮೂರು ಬಿಳಿಕಲ್ಲು ಹುಡುಕಿಯೇ ಬಂದಳು. ಮೂರು ಗುಂಪೆಯ ಮೇಲೂ ಇಬ್ಬರೂ ಕಲ್ಲು ಇಟ್ಟೆವು. ಅವ್ವ ಹೋದಳು. ದಿನ ಕರ್ಮ ಮುಗಿದ ಮೇಲೆ ತಮ್ಮ ಆಗಷ್ಟೇ ತಂದಿದ್ದ ಟೆಂಪೋದಲ್ಲಿ ನಮ್ಮನ್ನು ಕೂರಿಸಿಕೊಂಡು ರಸ್ತೆಯ ಮೇಲೆ ತಂದು ಬಿಟ್ಟ. ಅರ್ಧ ದಾರಿಗೆ ತಂಗಿ "ಕಲ್ಲೋ!" ಎಂದು ಕೂಗಿದಳು. ತಮ್ಮ ತಿರುಗಿಯೂ ನೋಡದೆ, "ಕಲ್ಲ ಎಲ್ಲಿ ಓಡಿ ಹೋಗ್ತಾವ, ಕುಂದ್ರಬೇ" ಎಂದ. ಆಮೇಲೆ ಬಸ್ಸು ಬಂತು. ಅವ್ವ ಇಲ್ಲದ ತವರಿಗೆ ಹೋಗುವುದೂ ಕಡಿಮೆಯಾಯಿತು. ಅದಕ್ಕೆ ಈಗ ಮೂವತ್ತು ವರ್ಷದ ಮೇಲಾಯಿತು.

"ಮೂವತ್ತ ವರ್ಷ ಆ ಕಲ್ಲಿನ ಸುದ್ದಿ ಇರಲಿಲ್ಲ. ಈಗ್ಯಾಕ ನೆನಪಾತು?" ಎಂದು ಕೇಳಿದೆ.

"ದಿನಾ ನೆನಪಿತ್ತು. ನಿನಗ ಹೇಳಿದ್ರ ನಗತಿದ್ದಿ. ಅಲ್ಲಿ ಟೇಬಲ್ಲಿನ ಮ್ಯಾಲ ಮಲಗಿ ಸತ್ತೆ ಅಂತ ತಿಳಿ. ದಾರ್‍ಯಾಗ ಸತ್ತಂಗ ಆತಲ್ಲ. ಆ ಕಡೆ ತವರೂ ಅಲ್ಲ, ಈ ಕಡೆ ಮನೀನೂ ಅಲ್ಲ."

ನಾನು ನಗಲಿಲ್ಲ. ಶನಿವಾರ ಅವಳನ್ನು ಬಸ್ಸಿಗೆ ಹತ್ತಿಸಿ ನಾನೂ ಹತ್ತಿದೆ. ಬರುವಾಗ ತಾನೇ ಕಲ್ಲು ತೆಗೆಯುವುದು, ಹಾಗಾಗಿ ಮೊದಲು ತವರಿಗೆ ಹೋಗಿ ಅಲ್ಲಿಂದ ನಡೆದು ಬರಬೇಕು. ಅವಳ ಮಗ ನಾನೂ ಬರುತ್ತೇನೆ ಎಂದ. ಗಂಡಸರು ಆ ಗುಂಪೆಯ ತಂಟೆಗೆ ಹೋಗುವುದಿಲ್ಲ, ಸುಮ್ಮನೆ ಮನೆಯಲ್ಲಿ ಬಿದ್ದಿರು ಎಂದು ಹೇಳಿ ಬಂದೆ.

ತಮ್ಮ ನಮ್ಮನ್ನು ನೋಡಿ ಮೊದಲು ನಕ್ಕ, ಆಮೇಲೆ ಸಿಟ್ಟಾದ. "ಆ ದಾರಿ ಈಗ ಇಲ್ಲಬೇ. ಕಂಟಿ ಬೆಳದೈತಿ. ಬೇಕಾದ್ರ ನಾನ ಹೋಗಿ ಆರೂ ಕಲ್ಲ ಗಾಡ್ಯಾಗ ಹೇರ್‍ಕೊಂಡ ಬರ್ತೇನಿ."

"ಮೊದಲ ನಿನ್ನ ಗಾಡಿಂದನ ಇಷ್ಟೆಲ್ಲಾ ಆಗೈತಿ," ಎಂದಳು ತಂಗಿ. 

ಭಾನುವಾರ ಬೆಳಕು ಹರಿಯುವಾಗ ಹೊರಟೆವು. ತಮ್ಮನ ಹೆಂಡತಿ ಬುತ್ತಿ ಕಟ್ಟಿದಳು, ರೊಟ್ಟಿ, ಶೇಂಗಾ ಹಿಂಡಿ, ಮೊಸರನ್ನ. "ಅಕ್ಕಾರ, ಸುಸ್ತಾದ್ರ ಫೋನ್ ಮಾಡ್ರಿ" ಎಂದಳು. ಫೋನು ನನ್ನ ಚೀಲದಲ್ಲೇ ಇತ್ತು. ಅದನ್ನು ಎತ್ತಿ ಮಾತಾಡಲು ನನಗೆ ಬರುತ್ತದೆ, ಮಾಡಲು ಬರುವುದಿಲ್ಲ. ಅದನ್ನು ಅವಳಿಗೆ ಹೇಳಲಿಲ್ಲ.

ಭತ್ತದ ಗದ್ದೆ ಕೊಯ್ಲಾಗಿತ್ತು. ಬದುವಿನ ಮೇಲೆ ಮಂಜಿತ್ತು, ಸೀರೆಯ ಅಂಚು ಒದ್ದೆಯಾಗಿ ಕಾಲಿಗೆ ಹತ್ತುತ್ತಿತ್ತು. ಎಮ್ಮೆಗುಡ್ಡದ ಬುಡದಿಂದ ನೀಲಗಿರಿ ಗಿಡ ಹಚ್ಚಿದ್ದಾರೆ. ಅದರೊಳಗೆ ದಾರಿ ತಪ್ಪುತ್ತದೆ ಎಂದು ಹೆದರಿದ್ದೆ. ಆದರೆ ಕಾಲಿಗೆ ನೆನಪಿತ್ತು. ಎಲ್ಲಿ ಎಡಕ್ಕೆ ಹೊರಳಬೇಕು, ಎಲ್ಲಿ ಬಂಡೆಯನ್ನು ಕೈ ಊರಿ ಹತ್ತಬೇಕು, ಇಬ್ಬರಲ್ಲಿ ಒಬ್ಬರೂ ಬಾಯಿ ಬಿಟ್ಟು ಹೇಳಲಿಲ್ಲ, ಇಬ್ಬರೂ ಅಲ್ಲೇ ಹೊರಳಿದೆವು.

ಈ ಗುಡ್ಡದವರೆಗೆ ಅವ್ವ ನಮ್ಮನ್ನು ಕಳಿಸಲು ಬರುತ್ತಿದ್ದಳು. ಬುತ್ತಿ ತಾನೇ ಹೊತ್ತುಕೊಂಡು ಮುಂದೆ ನಡೆಯುತ್ತಿದ್ದಳು. ಮಾತಿಲ್ಲ ಕತೆಯಿಲ್ಲ. ನೆತ್ತಿಯ ಮೇಲೆ ಬಂದು ಗಂಟನ್ನು ನನ್ನ ತಲೆಗೆ ಹೊರಿಸಿ, "ಎಮ್ಮಿ ಹಿಂಡಬೇಕು, ನಡೀರಿ ಇನ್ನ" ಎನ್ನುತ್ತಿದ್ದಳು. ಬೇರೆಯವರ ಅವ್ವಂದಿರು ಅಪ್ಪಿಕೊಂಡು ಅಳುತ್ತಿದ್ದರು. ನಮ್ಮವಳು ಎಮ್ಮೆಯ ಹೆಸರು ಹೇಳುತ್ತಿದ್ದಳು. ನಾವು ಇಳಿದು ಕೆಳಗಿನ ಹಳ್ಳ ಮುಟ್ಟಿ ತಿರುಗಿ ನೋಡಿದರೆ, ಗುಂಪೆಯ ಪಕ್ಕದಲ್ಲಿ ಇನ್ನೂ ನಿಂತೇ ಇರುತ್ತಿದ್ದಳು, ಕೆಂಪು ಸೀರೆ, ಒಂದು ಚುಕ್ಕೆಯಷ್ಟು. ಎಮ್ಮೆಯನ್ನು ಆ ದಿನ ಯಾರು ಹಿಂಡುತ್ತಿದ್ದರೋ ಗೊತ್ತಿಲ್ಲ.

ಗುಂಪೆ ಇತ್ತು. ಮೇಲೆ ಕಂಟಿ ಬೆಳೆದು ಮುಚ್ಚಿಕೊಂಡಿತ್ತು. ತಂಗಿ ಕೋಲಿನಿಂದ ಸರಿಸಿ, ಬಗ್ಗಿ ಕೈ ಹಾಕಿದಳು. "ಹಾವು ಇದ್ದೀತು" ಎಂದೆ. "ಇದ್ರ ಅದಕ್ಕ ಹೇಳ, ಮೂವತ್ತ ವರ್ಷದಿಂದ ಕಾಯ್ದಿದ್ದು ಸಾಕು" ಎಂದಳು. ಬಿಳಿಕಲ್ಲು ಸಿಕ್ಕಿತು. ಹಸಿರು ಹಿಡಿದಿತ್ತು. ಎಂಜಲು ಹಚ್ಚಿ ಸೆರಗಿನಿಂದ ತಿಕ್ಕಿದಳು, ಬೆಳ್ಳಗಾಯಿತು. ಎಸೆಯಲಿಲ್ಲ.

"ಎಸಿ," ಎಂದೆ.

"ತಗದೇನಲ್ಲ. ಎಸಿಯೂದು ಊರು ಮುಟ್ಟಿದ ಮ್ಯಾಲ ಎಸಿತೇನಿ," ಎಂದು ಉಡಿಯಲ್ಲಿ ಕಟ್ಟಿಕೊಂಡಳು. ಅವಳು ಆ ಕಡೆ ತಿರುಗಿದಾಗ ನಾನೂ ಒಂದು ಕಲ್ಲು ಎತ್ತಿ ಎಸೆದೆ. ಹೇಗೂ ಬಂದಿದ್ದೆನಲ್ಲ.

ಹಳ್ಳದಲ್ಲಿ ಕುಂತು ಬುತ್ತಿ ಬಿಚ್ಚಿದೆವು. ನನ್ನ ಚೊಚ್ಚಿಲ ಬಸಿರಿನಲ್ಲಿ, ಏಳು ತುಂಬಿದಾಗ, ಇದೇ ಹಳ್ಳದಲ್ಲಿ ಕುಂತು ಇನ್ನು ಏಳಲಾರೆ ಎಂದಿದ್ದೆ. ಆಗ ಇವಳಿಗೆ ಮದುವೆಯಾಗಿ ಆರು ತಿಂಗಳೂ ಆಗಿರಲಿಲ್ಲ. ನನ್ನ ಗಂಟು, ತನ್ನ ಗಂಟು ಎರಡನ್ನೂ ಹೊತ್ತು, "ಏಳತೀಯೋ, ನಿನ್ನೂ ಹೊರಲೋ" ಎಂದಿದ್ದಳು. ಎರಡು ಜಡೆ ಹಾಕಿಕೊಂಡ ಹುಡುಗಿ. ಈಗ ಅದೇ ಹುಡುಗಿ ಹೊಟ್ಟೆ ಹಿಡಿದುಕೊಂಡು ಕಲ್ಲಿನ ಮೇಲೆ ಕುಂತು ಅರ್ಧ ರೊಟ್ಟಿಯನ್ನೂ ತಿನ್ನಲಾರದೆ ಇಟ್ಟಳು. ನೋಯುತ್ತದೆಯೇ ಎಂದು ಕೇಳಲಿಲ್ಲ. ನೋಯುತ್ತಿತ್ತು, ಕಾಣುತ್ತಿತ್ತು. ಉಳಿದ ರೊಟ್ಟಿ ನಾನೇ ತಿಂದೆ.

ಬೋಳಗುಡ್ಡ ಮೊದಲು ನಿಜವಾಗಿ ಬೋಳಾಗಿತ್ತು, ಮೇಕೆಗೂ ತಿನ್ನಲು ಏನೂ ಇರಲಿಲ್ಲ. ಈಗ ಅದರ ನೆತ್ತಿಯ ಮೇಲೆ ಕರೆಂಟು ಮಾಡುವ ಗಾಳಿಯ ಫ್ಯಾನು ನಿಲ್ಲಿಸಿದ್ದಾರೆ. ಕೆಳಗಿನಿಂದ ನೋಡಿದರೆ ಆಟಿಕೆಯ ಹಾಗೆ ಕಾಣುತ್ತದೆ, ಹತ್ತಿರ ಹೋದರೆ ರೆಕ್ಕೆ ತಿರುಗುವ ಸಪ್ಪಳಕ್ಕೆ ಎದೆ ನಡುಗುತ್ತದೆ. ಗುಂಪೆ ಇದ್ದ ಜಾಗದಲ್ಲಿ ಲಾರಿ ಬರುವ ರಸ್ತೆ. ಗುಂಪೆ ಇಲ್ಲ.

ತಂಗಿ ರಸ್ತೆಯ ನಡುವೆಯೇ ಕುಂತುಬಿಟ್ಟಳು. "ಮುಗೀತು," ಎಂದಳು.

ಅಲ್ಲಿ ಒಂದು ತಗಡಿನ ಖೋಲಿ ಇತ್ತು. ಒಳಗಿಂದ ಕಾವಲುಗಾರ ಬಂದ. ಸವಣೂರಿನ ಸಾಬರು, ಗಡ್ಡ ಅರ್ಧ ನೆರೆದಿತ್ತು. "ಅಮ್ಮಾರ, ಇಲ್ಲಿ ಯಾಕ ಕುಂತ್ರಿ? ಸಾಹೇಬ್ರ ಜೀಪ್ ಬರ್ತೈತ್ರಿ," ಎಂದ.

"ಬರಲಿ. ನನ್ನ ಮ್ಯಾಲ ಹಾಯಿಸ್ಕೊಂಡ ಹೋಗಲಿ. ಇಲ್ಲೊಂದು ಕಲ್ಲಿನ ಗುಂಪಿ ಇತ್ತಲ್ಲ, ಎಲ್ಲಿ ನುಂಗಿದ್ರಿ?" ಎಂದಳು ತಂಗಿ.

ಅವನಿಗೆ ನಗು ಬಂತು, ತಡೆದುಕೊಂಡ. "ನುಂಗಿಲ್ರಿ ಅಮ್ಮಾರ. ಬುಲ್ಡೋಜರ ಬಂದಿತ್ತು ಖರೆ. ಕೂಲಿಗೆ ಬಂದ ಹೆಣ್ಮಕ್ಳು ಅಡ್ಡ ನಿಂತ್ರು. ಇದು ನಮ್ಮ ತವರಮನಿ ಹಾದಿ ಕಲ್ಲು, ಮಷೀನ್ ಮುಟ್ಟಿಸಬ್ಯಾಡ್ರಿ ಅಂತ. ಒಂದೊಂದ ಕೈಯಿಂದ ಎತ್ತಿ ಇಲ್ಲಿ ತಂದು ಇಟ್ರು. ಅದರಾಗ ನಾ ಈ ಕಟ್ಟಿ ಕಟ್ಟಿಸ್ಕೊಂಡೆ, ಕುಂದ್ರಾಕ." ಖೋಲಿಯ ಮುಂದಿನ ಮೋಟು ಕಟ್ಟೆಯನ್ನು ತೋರಿಸಿದ.

ತಂಗಿ ಎದ್ದಳು. ಕಟ್ಟೆಯ ಮುಂದೆ ಹೋಗಿ ನಿಂತಳು. ನನ್ನನ್ನು ನೋಡಿದಳು. ಕಟ್ಟೆಗೆ ಅವನು ಸುಣ್ಣ ಹಚ್ಚಿಬಿಟ್ಟಿದ್ದ. ಎಲ್ಲ ಕಲ್ಲೂ ಬಿಳಿ.

ನನಗೆ ನಗು ತಡೆಯಲಾಗಲಿಲ್ಲ. ಬೋಳಗುಡ್ಡದ ಮೇಲೆ ಒಬ್ಬಳೇ ನಿಂತು ನಕ್ಕೆ. ತಂಗಿ ಬೈಯುತ್ತಲೇ ಉಗುರಿನಿಂದ ಒಂದೊಂದು ಕಲ್ಲಿನ ಸುಣ್ಣ ಕೆರೆಯತೊಡಗಿದಳು.

"ಅಮ್ಮಾರ, ಹೋದ ರಮಜಾನಿಗೆ ಹಚ್ಚಿದ ಸುಣ್ಣ ಐತ್ರಿ ಅದು," ಎಂದ ಕಾವಲುಗಾರ.

ನಾನು ಅವನಿಗೆ ಕತೆ ಹೇಳಿದೆ. ಗಡ್ಡೆಯ ವಿಷಯವನ್ನೂ ಹೇಳಿದೆ. ಅವನು ಒಳಗೆ ಹೋಗಿ ಕಬ್ಬಿಣದ ಸಲಾಕೆ ತಂದು ಕಟ್ಟೆಯ ಮೇಲಿನ ಸಾಲನ್ನು ಸಡಿಲು ಮಾಡಿದ. "ಯಾವುದ ಬೇಕ ಅದನ್ನ ತಗೀರಿ. ಬೇಕಾದ್ರ ಪೂರಾ ಕಟ್ಟಿ ಬಿಚ್ಚತೇನ್ರಿ. ನಾ ನೆಲದ ಮ್ಯಾಲ ಕುಂದರ್ತೇನಿ."

"ಪೂರಾ ಬ್ಯಾಡ," ಎಂದೆ. ತಂಗಿಗೆ ಹೇಳಿದೆ, "ಹೋಗುವಾಗ ಒಂದು ಇಡಬೇಕು, ಬರುವಾಗ ಒಂದು ತಗೀಬೇಕು. ಇಟ್ಟದ್ದನ್ನ ತಗೀಬೇಕಂತ ಯಾರೂ ಹೇಳಿಲ್ಲ. ಎಲ್ಲಾರೂ ನಿನ್ನಂಗ ಗುರ್ತು ಹಾಕಿ ಇಡತಿದ್ರೇನು?"

"ನಂದು ಇದರೊಳಗ ಐತೋ ಇಲ್ಲೋ?"

"ಐತ್ರಿ," ಎಂದ ಅವನು, ನನಗಿಂತ ಮೊದಲು. "ಒಂದ ಕಲ್ಲೂ ಆಚೆ ಹೋಗಿಲ್ಲ. ನಾ ಇಲ್ಲೇ ಇದ್ದೆ."

ತಂಗಿ ಒಂದು ಕಲ್ಲು ಎತ್ತಿ ನಮ್ಮ ಊರಿನ ಕಡೆಗೆ ಎಸೆದಳು. ಬಹಳ ದೂರ ಹೋಗಲಿಲ್ಲ. ನಾನೂ ಒಂದು ಎಸೆದೆ. ಕಾವಲುಗಾರ ಸವಣೂರಿನ ಎಲೆ ಕೊಟ್ಟ, ಅಡಿಕೆ ಕೊಟ್ಟ, ಹೊರಡುವಾಗ ಬಾಯಾಡಿಸಲು ಅವರ ಊರಿನ ಕರಿದ ಖಾರದ ಪೊಟ್ಟಣವನ್ನೂ ಕೈಗಿಟ್ಟ. "ಆರಾಮಾಗಿ ಬಂದ ಮ್ಯಾಲ ಸುದ್ದಿ ಮುಟ್ಟಸ್ರಿ" ಎಂದ. ಹೇಗೆ ಮುಟ್ಟಿಸಬೇಕು ಎಂದು ನಾವು ಕೇಳಲಿಲ್ಲ, ಅವನೂ ಹೇಳಲಿಲ್ಲ.

ಹುಲ್ಲುಗುಡ್ಡದ ಏರು ಅವಳಿಗೆ ಬಹಳ ಕಷ್ಟವಾಯಿತು. ಹತ್ತು ಹೆಜ್ಜೆಗೆ ಒಮ್ಮೆ ನಿಲ್ಲುತ್ತಿದ್ದಳು. ನಾನು ಹಿಂದಿನಿಂದ ದೂಡಿದೆ. ಮೊದಲು ಈ ಏರಿನಲ್ಲಿ ಅವಳು ಹಾಡುತ್ತಿದ್ದಳು, ನಾನು ಬಾಯಿ ಮುಚ್ಚು ಎನ್ನುತ್ತಿದ್ದೆ. ಆ ದಿನ ಅವಳು ಹಾಡಲಿಲ್ಲ. ಹಾಡು ಎನ್ನೋಣ ಎನ್ನಿಸಿತು, ಅನ್ನಲಿಲ್ಲ.  ಮೇಲಿನ ಗುಂಪೆಯಲ್ಲಿ ಅವಳ ಕಲ್ಲು ಇಲ್ಲ ಎಂಬುದು ನನಗೆ ಗೊತ್ತಿತ್ತು.

ನೆತ್ತಿ ಮುಟ್ಟಿದಾಗ ಹೊತ್ತು ಇಳಿದಿತ್ತು. ಕಸಬರಿಗೆ ಹುಲ್ಲು ಎದೆಯುದ್ದ ಬೆಳೆದು ಬಿಸಿಲಿಗೆ ಕೆಂಪಗೆ ಹೊಳೆಯುತ್ತಿತ್ತು. ಕೆಳಗೆ ನಮ್ಮ ಊರು, ರಸ್ತೆಯ ಮೇಲೆ ಒಣಹಾಕಿದ ಗೋವಿನಜೋಳದ ಹಳದಿ ಪಟ್ಟಿ, ನೀರಿನ ಟ್ಯಾಂಕು, ಅವಳ ಮನೆ, ನನ್ನ ಮನೆ. ಗುಂಪೆ ಕುಸಿದಿತ್ತು, ಆದರೆ ಒಂದು ಕಂಟಿಯೂ ಇಲ್ಲದೆ ಬಯಲಲ್ಲಿತ್ತು. ನೋಡಿದ ಕೂಡಲೇ ಗೊತ್ತಾಗುತ್ತಿತ್ತು, ಬಿಳಿಕಲ್ಲು ಇಲ್ಲ.

ಅವಳು ಎರಡು ಸುತ್ತು ಹಾಕಿದಳು. ಮಂಡಿಯೂರಿ ಕೆದರಿದಳು. "ಯಾರೋ ತಗದಾರ," ಎಂದಳು. "ನನ್ನ ಕೈಯಿಂದ ಹೋಗಿಲ್ಲ ಅದು. ನಾಳೆ ನಾ ಹುಬ್ಬಳ್ಳಿಗೆ ಹೋಗಂಗಿಲ್ಲ. ನೀ ಏನರ ಅನ್ನು."

"ನಾನ ತಗದೇನಿ," ಎಂದೆ.

ಅವಳು ತಲೆ ಎತ್ತಿದಳು.

"ಅವ್ವ ಸತ್ತ ವರ್ಷ, ಕಸಬರಿಗಿ ಹುಲ್ಲ ಕೊಯ್ಯಾಕ ಬಂದಿದ್ದೆ. ಎರಡೂ ಕಲ್ಲು ಬಾಜೂಬಾಜೂ ಕುಂತಿದ್ವು. ನೋಡಾಕ ಆಗಲಿಲ್ಲ. ನಂದು ಎಸದೆ. ನಿಂದು ಹುಲ್ಲಿನ ಹೊರ್‍ಯಾಗ ಇಟಗೊಂಡ ಮನಿಗೆ ಬಂದೆ."

"ನನಗ ಯಾಕ ಹೇಳಲಿಲ್ಲ?"

"ಹೇಳಿದ್ರ ಅಳತಿದ್ದಿ. ನೀ ಅಳಾಕ ನಿಂತ್ರ ಮುಗಿಯೂದಿಲ್ಲ."

ಖರೆ ಹೇಳಬೇಕೆಂದರೆ ಆ ದಿನ ಇಲ್ಲಿ ಅತ್ತವಳು ನಾನು. ಕುಡುಗೋಲು ಬದಿಗಿಟ್ಟು ಬಹಳ ಹೊತ್ತು ಅತ್ತಿದ್ದೆ. ಅದನ್ನು ಅವಳಿಗೆ ಹೇಳಲು ಮನಸ್ಸಿರಲಿಲ್ಲ, ಅದಕ್ಕೇ ಕಲ್ಲಿನ ವಿಷಯವನ್ನೂ ಹೇಳಲಿಲ್ಲ.

"ನನ್ನ ಕಲ್ಲು ನೀ ಯಾಕ ಮುಟ್ಟಿದಿ! ನನ್ನ ಕೈಯಿಂದ ತಗೀಬೇಕಿತ್ತು!" ಎಂದು ಅವಳು ಕಿರುಚಿದಳು. ಹುಲ್ಲಿನಿಂದ ಎರಡು ಹಕ್ಕಿ ಹಾರಿ ಹೋದವು. "ಈಗ ಎಲ್ಲೈತಿ ಅದು? ಎಲ್ಲಿ ಒಗದಿ?"

"ನನ್ನ ಉಪ್ಪಿನಕಾಯಿ ಭರಣಿ ಮ್ಯಾಲ ಐತಿ."

ನಮ್ಮ ಎರಡು ಮನೆಯ ನಡುವೆ ಒಂದೇ ಗೋಡೆ. ಹಿತ್ತಲ ಬಾಗಿಲಿನಿಂದ ನನ್ನ ಅಡುಗೆಮನೆಗೆ ಬಂದು, ಭರಣಿಯ ಮುಚ್ಚಳದ ಮೇಲಿನ ಕಲ್ಲು ಎತ್ತಿಟ್ಟು, ಹೇಳದೆ ಕೇಳದೆ ಉಪ್ಪಿನಕಾಯಿ ತೆಗೆದುಕೊಂಡು ಹೋಗುವುದು ಅವಳ ಹುಟ್ಟುಗುಣ. ಮೂವತ್ತು ವರ್ಷದಿಂದ ಮಾಡುತ್ತಿದ್ದಾಳೆ. ಎಣ್ಣೆ, ಅರಿಶಿನ ಹತ್ತಿ ಆ ಕಲ್ಲು ಹಳದಿಗಪ್ಪಾಗಿದೆ, ಗುರುತು ಸಿಗುವುದಿಲ್ಲ.

"ನನ್ನ ಮನೀಗೆ ಬಂದು ಎಷ್ಟ ಸಲ ಎತ್ತಿಲ್ಲ ನೀ ಅದನ್ನ?" ಎಂದೆ. "ಯಾರ ಕೈ ಅದು? ನಂದೇನು? ವರ್ಷಕ್ಕ ಎರಡ ಭರಣಿ ಖಾಲಿ ಮಾಡತಿ. ಮಂದಿ ಒಂದ ಸಲ ತಗದು ಬರತಾರ. ನೀ ಸಾವಿರ ಸಲ ತಗದು ಬಂದೀ."

ಅವಳು ಬಾಯಿ ತೆರೆದುಕೊಂಡು ಕುಂತಳು. ಲೆಕ್ಕ ಹಾಕುತ್ತಿದ್ದಾಳೆ ಎಂದು ಗೊತ್ತಾಯಿತು. ಆಮೇಲೆ ನಗಲು ಶುರು ಮಾಡಿದಳು. ನಕ್ಕರೆ ಹೊಟ್ಟೆ ನೋಯುತ್ತಿತ್ತು, ಎರಡೂ ಕೈಯಿಂದ ಒತ್ತಿ ಹಿಡಿದುಕೊಂಡು ನಕ್ಕಳು. ನಗುತ್ತಲೇ ನನ್ನ ಬೆನ್ನಿಗೆ ಎರಡು ಗುದ್ದಿದಳು. ಒಂದು ಜೋರಾಗಿಯೇ ಬಿತ್ತು.

"ಉಪ್ಪಿನಕಾಯಿ ಕಳ್ಳಿ ಅಂತ ಅನ್ನತೀಯಲ್ಲ," ಎಂದಳು.

"ಅಲ್ಲೇನು ಮತ್ತ?"

ಖಾರದ ಪೊಟ್ಟಣ ಬಿಚ್ಚಿದೆವು. ಹಳ್ಳದಲ್ಲಿ ರೊಟ್ಟಿ ಬೇಡ ಎಂದವಳು ಮುಕ್ಕಾಲು ಪೊಟ್ಟಣ ಒಬ್ಬಳೇ ತಿಂದಳು. ಬಿಸಿಲು ಪೂರಾ ಹೋಗುವುದರೊಳಗೆ ಇಳಿದು ಮನೆ ಸೇರಿದೆವು. ನೇರ ನನ್ನ ಅಡುಗೆಮನೆಗೆ ನಡೆದು, ಭರಣಿಯ ಮೇಲಿನ ಕಲ್ಲನ್ನು ಎತ್ತಿ ನೋಡಿದಳು, ಮೂಸಿ ನೋಡಿದಳು, ಮತ್ತೆ ಅಲ್ಲೇ ಇಟ್ಟಳು.

ಸೋಮವಾರ ಬೆಳಿಗ್ಗೆ ಶಿಗ್ಗಾಂವದ ಮೇಲೆ ಹುಬ್ಬಳ್ಳಿಗೆ ಹೋಗುವ ಬಸ್ಸಿಗೆ ಮಗನ ಜೊತೆ ಹೊರಟಳು. ನನ್ನ ಬಾಗಿಲ ಮುಂದೆ ನಿಂತು, ಉಡಿಯಿಂದ ಎಮ್ಮೆಗುಡ್ಡದ ಬಿಳಿಕಲ್ಲನ್ನು ತೆಗೆದು ನನ್ನ ಜಗಲಿಯ ಅಂಚಿಗೆ ಇಟ್ಟಳು. "ಊರ ಮುಟ್ಟಿದ ಮ್ಯಾಲ ಎಸಿತೇನಿ ಅಂದಿದ್ದೆ. ಇನ್ನೂ ಮುಟ್ಟಿಲ್ಲ. ನಾ ಬಂದು ತಗೀತೇನಿ. ನೀ ಮುಟ್ಟಿದಿ ಅಂದ್ರ ಕೈ ಮುರಿತೇನಿ ನೋಡ," ಎಂದಳು.

"ಬಾಯಿ ಮುಚ್ಚಿ ಹೋಗ, ಬಸ್ಸ ತಪ್ಪತೈತಿ," ಎಂದೆ. ಅವಳು ಓಣಿಯ ತಿರುವು ದಾಟಿದ ಮೇಲೂ ನಾನು ಅಲ್ಲೇ ನಿಂತಿದ್ದೆ. ಕಸ ಹೊಡೆಯುವುದಿತ್ತು.

ಹನ್ನೆರಡು ದಿನ ಆ ಕಲ್ಲು ಅಲ್ಲಿ ಕುಂತಿತ್ತು. ಜಗಲಿ ಸಾರಿಸುವಾಗ ಅದರ ಸುತ್ತ ಸಾರಿಸಿದೆ, ಅದನ್ನು ಮುಟ್ಟಲಿಲ್ಲ. ಅದರ ಮೇಲೆ ಒಂದು ಕಾಗೆ ಬಂದು ಕುಂತರೂ ಓಡಿಸಿದೆ. ಅವಳ ಮಗನ ಫೋನು ಬಂದರೆ ಎತ್ತಿ ಹೂಂ ಎನ್ನುತ್ತಿದ್ದೆ, ಅಷ್ಟೇ.

ಹದಿಮೂರನೆಯ ದಿನ ಆಟೋದಲ್ಲಿ ಬಂದಳು. ಅರ್ಧ ಆಗಿದ್ದಳು. ಸೊಸೆ ಹಿಡಿದುಕೊಂಡು ಇಳಿಸಿದಳು. ಭಾರ ಎತ್ತಬಾರದು ಎಂದು ಡಾಕ್ಟರು ಹೇಳಿದ್ದರಂತೆ. ಇವಳು ಕಾಲಿಗೆ ನೀರು ಹಾಕಿಸಿಕೊಳ್ಳುವ ಮೊದಲೇ ನನ್ನ ಜಗಲಿಗೆ ಬಂದು, ಎರಡೂ ಕೈಯಿಂದ ಕಲ್ಲು ಎತ್ತಿ, ನಮ್ಮ ಎರಡು ಮನೆಯ ನಡುವಿನ ಸಂದಿಯಲ್ಲಿ ಹಿತ್ತಲಿನ ಕಡೆಗೆ ಬೀಸಿ ಎಸೆದಳು. ಅದು ಹೋಗಿ ನನ್ನ ನೀರಿನ ಬಕೆಟ್ಟಿಗೆ ಬಡಿದು ಬಕೆಟ್ಟು ಸೀಳಿತು.

ಆ ಒಡಕು ಬಕೆಟ್ಟಿಗೆ ಮಣ್ಣು ತುಂಬಿ ಕೊತ್ತಂಬರಿ ಹಾಕಿದ್ದೇನೆ. ಚೆನ್ನಾಗಿ ಬಂದಿದೆ. ದಿನವೂ ಹಿತ್ತಲಿಗೆ ಬಂದು ಕಿತ್ತುಕೊಂಡು ಹೋಗುತ್ತಾಳೆ, ಕೇಳುವುದಿಲ್ಲ.